ಗೆಳತಿಯ ಭಂಡಾರಕ್ಕೆ ನಾನು ಬರೆದ ಷರಾ

ಆ ಅರ್ಜಿ ನನ್ನ ಪಾಲಿಗೆ ಬಂದಾಗ ಅದರ ಜೊತೆಗೆ ಒಂದು ಪ್ರಶ್ನೆಯೂ ಬಂದಿತ್ತು: ಈ ಸಂಸ್ಥೆಯವರ ಜೊತೆ ನಿಮಗೆ ಯಾವುದಾದರೂ ಸಂಬಂಧ ಇದೆಯೇ? ಎದುರಿಗೆ ಎರಡು ಚೌಕ, ಇದೆ ಮತ್ತು ಇಲ್ಲ. ನಾನು ‘ಇಲ್ಲ’ ಎನ್ನುವುದನ್ನು ಒತ್ತಿದೆ. ಒತ್ತುವ ಮುಂಚೆ ಹಿಂದೆಮುಂದೆ ನೋಡಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಧ್ಯಾಹ್ನದ ಊಟದ ಹೊತ್ತು. ಲೈಬ್ರರಿಯ ಮೂರನೆಯ ಮಹಡಿಯಲ್ಲಿ ನನ್ನ ಮೇಜು. ಒಂದು ಕೈಯಲ್ಲಿ ಹಿಂದಿನ ದಿನದ ಬಿಸಿಬೇಳೆಬಾತಿನ ಚಮಚ, ಇನ್ನೊಂದರಲ್ಲಿ ಮೌಸ್.

ಅರ್ಜಿ ಹಾಕಿದ್ದವಳು ನನ್ನ ಹತ್ತು ವರ್ಷದ ಗೆಳತಿ. ನಾನು ಬರ್ಮಿಂಗ್‌ಹ್ಯಾಮ್‌ನ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ, ಅವಳು ಲೀಡ್ಸ್‌ನ ಇನ್ನೊಂದರಲ್ಲಿ. ಕಾಗದದ ಮೇಲೆ ನೋಡಿದರೆ ನಮಗಿಬ್ಬರಿಗೂ ಯಾವ ಸಂಬಂಧವೂ ಇಲ್ಲ. ಸಂಬಂಧ ಇದ್ದದ್ದೆಲ್ಲ ನಮ್ಮೂರ ಪಕ್ಕದ ಟಿವಿಡೇಲ್‌ನ ಬಾಲಾಜಿ ದೇವಸ್ಥಾನದಲ್ಲಿ, ನಮ್ಮ ಮನೆಯ ಅಡುಗೆಮನೆಯಲ್ಲಿ, ಫೋನಿನಲ್ಲಿ. ಅದನ್ನೆಲ್ಲ ಯಾವ ಕಚೇರಿಯವರು ತಾನೇ ಹುಡುಕಿಕೊಂಡು ಬರುತ್ತಾರೆ?

ಈ ಕೆಲಸವನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ಇಷ್ಟು ವರ್ಷ ಜೊತೆಗಿದ್ದೂ ನನ್ನ ಗಂಡನಿಗೇ ಅದು ಅರ್ಥವಾಗಿಲ್ಲ. ಅವರು ಆಸ್ಪತ್ರೆಯಲ್ಲಿ ಡಾಕ್ಟರು. ರೋಗಿ ಬರುತ್ತಾನೆ, ವಾಸಿಯಾಗುತ್ತಾನೆ ಅಥವಾ ಆಗುವುದಿಲ್ಲ, ಅಲ್ಲಿಗೆ ಮುಗಿಯಿತು. ನನ್ನದು ಹಾಗೆ ಮುಗಿಯುವ ಕೆಲಸವಲ್ಲ. ಸಂಶೋಧಕರು ವರ್ಷಗಟ್ಟಲೆ ಅಳತೆ, ಸಂದರ್ಶನ, ಧ್ವನಿಮುದ್ರಣ ಎಂದು ಕೂಡಿಹಾಕುತ್ತಾರೆ. ಲೇಖನ ಅಚ್ಚಾದ ಮೇಲೆ ಆ ಮೂಲ ಸಾಮಗ್ರಿ, ಅಂದರೆ ದತ್ತಾಂಶ, ಯಾರದೋ ಲ್ಯಾಪ್‌ಟಾಪಿನಲ್ಲಿ ಕೊಳೆಯಬಾರದು ಎಂದು ಅದನ್ನು ಕಾದಿಡಲು ಭಂಡಾರಗಳಿವೆ, ಇಂಗ್ಲಿಷಿನಲ್ಲಿ ರೆಪಾಸಿಟರಿ. ಆದರೆ ಒಂದು ಸರ್ವರ್ ಇಟ್ಟುಕೊಂಡು, ಚೆಂದದ ವೆಬ್‌ಸೈಟ್ ಮಾಡಿ, ‘ನಮ್ಮದೂ ಭಂಡಾರ’ ಎಂದು ಬೋರ್ಡು ಹಾಕಲು ಯಾರಿಗೂ ಅಡ್ಡಿಯಿಲ್ಲ. ಇವತ್ತು ಇಟ್ಟದ್ದು ಇಪ್ಪತ್ತು ವರ್ಷದ ಮೇಲೆ ತೆರೆಯುತ್ತದೆಯೇ? ಗುಟ್ಟಾಗಿ ಇಡುತ್ತೇವೆಂದು ಮಾತು ಕೊಟ್ಟದ್ದು ಗುಟ್ಟಾಗಿಯೇ ಉಳಿಯುತ್ತದೆಯೇ? ಅನುದಾನ ನಿಂತ ದಿನ ಇದನ್ನೆಲ್ಲ ಯಾರ ಮಡಿಲಿಗೆ ಹಾಕುತ್ತೀರಿ? ಇಂಥ ಪ್ರಶ್ನೆಗಳಿಗೆ ಭಂಡಾರದವರು ಒಂದೊಂದಾಗಿ ಉತ್ತರ ಬರೆದು ಕಳಿಸುತ್ತಾರೆ. ಬೇರೆ ಬೇರೆ ಊರಿನ ಇಬ್ಬರು ಪರಿಶೀಲಕರು ಅದನ್ನು ಓದಿ ಅಂಕ ಕೊಡುತ್ತಾರೆ, ಷರಾ ಬರೆಯುತ್ತಾರೆ. ಎಲ್ಲ ಸರಿಯಿದ್ದರೆ ‘ಇದು ನಂಬಬಹುದಾದ ಭಂಡಾರ’ ಎಂಬ ಮುದ್ರೆ ಸಿಗುತ್ತದೆ. ಪರಿಶೀಲಕರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಅವರು ಬರೆದ ಷರಾಗಳು ಮಾತ್ರ ಕೊನೆಗೆ ಅರ್ಜಿಯ ಜೊತೆಗೇ ಲೋಕಕ್ಕೆಲ್ಲ ಕಾಣುವ ಹಾಗೆ ಪ್ರಕಟವಾಗುತ್ತವೆ.

ನಮ್ಮಂಥ ಪರಿಶೀಲಕರಿಗೆ ಒಂದು ಮಡಿ ಇದೆ. ಕಾಗದದಲ್ಲಿ ಏನಿದೆಯೋ ಅದನ್ನು ಮಾತ್ರ ತೂಗಬೇಕು. ಅರ್ಜಿದಾರರು ಆಡಿದ ಪ್ರತಿ ಮಾತಿಗೂ ಪುರಾವೆಯ ಕೊಂಡಿ ಇರಬೇಕು, ಒತ್ತಿದರೆ ಆ ಕೊಂಡಿ ತೆರೆಯಬೇಕು. ಅವರು ಬಹಳ ಒಳ್ಳೆಯವರೆಂದು ನಿಮಗೆ ಗೊತ್ತಿದ್ದರೂ ಬರೆಯದಿದ್ದರೆ ಅಂಕವಿಲ್ಲ. ಅವರ ಮನೆಯ ಹುಳುಕು ನಿಮಗೆ ಗೊತ್ತಿದ್ದರೂ ಅದು ಕಾಗದದಲ್ಲಿ ಇಲ್ಲವೆಂದರೆ ನಿಮಗೆ ಗೊತ್ತಿಲ್ಲ. ಅಡ್ಡದಾರಿಯಲ್ಲಿ ಕಿವಿಗೆ ಬಿದ್ದದ್ದನ್ನು ಷರಾದೊಳಗೆ ತಂದರೆ ಮಡಿ ಕೆಟ್ಟ ಹಾಗೆ. ಹಲವಾರು ಅರ್ಜಿಗಳನ್ನು ನಾನು ಹೀಗೆ ಮಡಿಯುಟ್ಟೇ ಓದಿದ್ದೆ, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಇನ್ನು ಗೆಳತಿಯ ವಿಷಯ. ಆ ಅರ್ಜಿಗೆ ಹತ್ತು ವರ್ಷ ಮೊದಲು ಅವಳು ಧಾರವಾಡದಿಂದ ಡಾಕ್ಟರ್ ಗಂಡನ ಹಿಂದೆ ಬಂದಿಳಿದಾಗ ನಮ್ಮೂರಿನ ಸೆಲ್ಲಿ ಓಕ್‌ನ ವಿದ್ಯಾರ್ಥಿಗಳ ಸಾಲುಮನೆಯೊಂದರಲ್ಲಿ ಮಹಡಿಯ ಎರಡು ಕೋಣೆ ಹಿಡಿದಿದ್ದರು. ಕೆಳಗಿನ ಹುಡುಗರ ಗಿಟಾರು, ಮೇಲೆ ಇವಳ ಕುಕ್ಕರಿನ ಸೀಟಿ. ಗಂಡ ಆಸ್ಪತ್ರೆಯ ಪಾಳಿಪಟ್ಟಿಯ, ಅಂದರೆ ರೋಟಾದ, ಪ್ರಕಾರ ಬರುವವನು, ಹೋಗುವವನು. ಒಂದು ಭಾನುವಾರ ದೇವಸ್ಥಾನದಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ನನ್ನ ಮಾತು ಕೇಳಿ ಅವಳೇ ತಿರುಗಿದಳು. “ಕನ್ನಡದವ್ರೇನ್ರಿ?” ಎಂದಳು. ಐದೇ ನಿಮಿಷದಲ್ಲಿ ನಾನು ಅಕ್ಕ ಆಗಿದ್ದೆ. ಅವಳೂ ಲೈಬ್ರರಿ ಸೈನ್ಸ್ ಓದಿದವಳು, ನನ್ನ ಹಾಗೆಯೇ. “ಅಕ್ಕಾ, ಇಲ್ಲಿ ನಮ್ಮ ಡಿಗ್ರೀಗೆ ಏನರ ಕಿಮ್ಮತ್ತು ಅದ ಏನ್ರಿ?” ಎಂದು ಕೇಳಿದಳು. ಇದೆ, ಆದರೆ ತಾನಾಗಿ ಸಿಗುವುದಿಲ್ಲ, ನಾನು ಹೇಳಿಕೊಡುತ್ತೇನೆ ಎಂದೆ.

ಹೇಳಿಕೊಟ್ಟೆ ಕೂಡ. ಅವಳ ಮೊದಲ ಕೆಲಸದ ಅರ್ಜಿ ತಿದ್ದಿದ್ದು ನಾನು. ಸಂದರ್ಶನಕ್ಕೆ ತಾಲೀಮು ಕೊಟ್ಟದ್ದು ನಾನು. ಚಪಾತಿ ಲಟ್ಟಿಸುತ್ತಾ ನಾನು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕುವುದು, ಹಿಟ್ಟು ಉಂಡೆ ಕಟ್ಟುತ್ತಾ ಅವಳು ಉತ್ತರ ಹೇಳುವುದು. ದತ್ತಾಂಶಕ್ಕೆ ವಿವರಪಟ್ಟಿ ಬರೆಯುವುದು ಹೇಗೆ, ಕಡತಕ್ಕೆ ಹೆಸರಿಡುವುದು ಹೇಗೆ, ಪ್ರೊಫೆಸರುಗಳು ಮೂಗು ಮುರಿಯದ ಹಾಗೆ ಅವರಿಂದ ಸಾಮಗ್ರಿ ಈಸಿಕೊಳ್ಳುವುದು ಹೇಗೆ, ಎಲ್ಲವನ್ನೂ ನನ್ನಿಂದಲೇ ಕಲಿತಳು. ಗಂಡನಿಗೆ ಲೀಡ್ಸ್‌ನಲ್ಲಿ ದೊಡ್ಡ ಕೆಲಸ ಸಿಕ್ಕಿ ಅವರು ಹೊರಟಾಗ ನಾನು ಅತ್ತೆ. ಅದು ನಿಜವಾದ ಅಳುವೇ.

ಲೀಡ್ಸ್‌ನಲ್ಲಿ ಅವಳು ಒಂದು ಭಂಡಾರ ಕಟ್ಟಿದಳು. ಉತ್ತರದ ಗಿರಣಿಗಳಲ್ಲಿ, ಗಣಿಗಳಲ್ಲಿ ದುಡಿದ ಮುದುಕ ಮುದುಕಿಯರು ಸಂಶೋಧಕರ ಮುಂದೆ ಕುಳಿತು ಹೇಳಿದ ಮಾತುಗಳ ಧ್ವನಿಮುದ್ರಣಗಳು. ಹೆಸರು ಹೊರಗೆ ಬರುವುದಿಲ್ಲವೆಂದು ಮಾತು ಕೊಟ್ಟ ಮೇಲೆ ಆಡಿದ ಮಾತುಗಳು. ಅವುಗಳನ್ನು ಕಾಯಲು ಅವಳ ಜೊತೆ ಮೂರು ಜನ ಇದ್ದರು, ಅವರಿಗೆಲ್ಲ ಅವಳೇ ಮುಖ್ಯಸ್ಥೆ.

ನನಗೂ ಒಂದು ಭಂಡಾರ ಇತ್ತು. ಚಿಕ್ಕದು, ಆದರೆ ನಾನೇ ಸಾಕಿದ್ದು. ಅದಕ್ಕೆ ಮುದ್ರೆ ಸಿಕ್ಕಾಗ ಬರಿಗಾಲಲ್ಲಿ ಬಾಲಾಜಿಗೆ ಪ್ರದಕ್ಷಿಣೆ ಹಾಕಿದ್ದೆ. ಮುದ್ರೆ ಪಡೆದವರು ಬೇರೆಯವರ ಅರ್ಜಿ ಓದಿಕೊಡಬೇಕು ಎಂಬ ಸಂಪ್ರದಾಯ ಇದೆ, ಹಾಗೆ ನಾನು ಪರಿಶೀಲಕಿಯಾದೆ. ಆಮೇಲೆ ನಮ್ಮ ವಿಶ್ವವಿದ್ಯಾಲಯದವರು ಒಂದು ಕಂಪನಿಯ ಸಿದ್ಧ ವ್ಯವಸ್ಥೆ ತಂದು ನನ್ನದನ್ನು ಅದರೊಳಗೆ ಸುರಿದರು. ಭಂಡಾರ ಹೋಯಿತು, ಮುದ್ರೆ ಹೋಯಿತು, ಪರಿಶೀಲಕರ ಪಟ್ಟಿಯಲ್ಲಿ ನನ್ನ ಹೆಸರು ಮಾತ್ರ ಉಳಿಯಿತು. ಪಾಸ್‌ವರ್ಡ್ ಮರೆತವರ ಇಮೇಲಿಗೆ ಉತ್ತರ ಬರೆಯುವುದು ಈಗ ನನ್ನ ಉದ್ಯೋಗ.

ಅವಳ ಏಳಿಗೆ ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಮರ್ಯಾದಸ್ಥ ಪದಗಳನ್ನು ಹುಡುಕಿ ನೋಡಿದ್ದೇನೆ, ಯಾವುದೂ ಹೊಂದುವುದಿಲ್ಲ. ದೇವಸ್ಥಾನದ ಊಟದ ಹಾಲಿನಲ್ಲಿ ಯಾರಾದರೂ “ನಿಮ್ಮ ಫ್ರೆಂಡ್ ಹೆಡ್ ಅಂತೆ ಅಲ್ಲಿ? ತುಂಬಾ ಖುಷಿಯಾಯ್ತು” ಎಂದರೆ, “ಹೂಂ, ನನಗೂ” ಎಂದು ನಕ್ಕು ಮೊಸರನ್ನದಲ್ಲಿ ಉಪ್ಪಿಲ್ಲವೆಂದು ಬೈಯುತ್ತಿದ್ದೆ. ಒಮ್ಮೆ ಮ್ಯಾಂಚೆಸ್ಟರ್‌ನಲ್ಲಿ ನಮ್ಮ ಕ್ಷೇತ್ರದವರ ಒಂದು ಸಭೆ. ವೇದಿಕೆಯ ಮೇಲೆ ಅವಳು, ಮೂರನೆಯ ಸಾಲಿನಲ್ಲಿ ನಾನು. ಮಾತು ಮುಗಿಸುವ ಮುಂಚೆ ಅವಳು ನನ್ನ ಕಡೆ ಕೈ ತೋರಿಸಿ, ಈ ಕೆಲಸದ ಅಕ್ಷರಾಭ್ಯಾಸ ನನಗೆ ಮಾಡಿಸಿದ್ದು ಅಲ್ಲಿ ಕೂತಿರುವ ನನ್ನ ಅಕ್ಕ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಹೇಳದೆ ಇದ್ದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಹೇಳಿದ್ದಕ್ಕೆ ಇನ್ನೂ ಹೆಚ್ಚು ಬಂತು. ವಾಪಸು ರೈಲಿನಲ್ಲಿ ಸ್ಟಾಫರ್ಡ್ ದಾಟುವವರೆಗೂ ಹಲ್ಲು ಕಚ್ಚಿಕೊಂಡೇ ಕೂತಿದ್ದೆ.

ಹಾಗಿರುವಾಗ ಯುಗಾದಿಯ ಆಸುಪಾಸಿನ ಒಂದು ಶನಿವಾರ ಅವಳು ಗಂಡನ ಜೊತೆ ಟಿವಿಡೇಲ್‌ಗೆ ಬಂದಳು. ದರ್ಶನ ಮುಗಿಸಿ ಗಂಡಸರು ಕಾರುಗಳ ಹತ್ತಿರ ಮಾರ್ಟ್‌ಗೇಜ್ ಪುರಾಣ ಬಿಚ್ಚಿದ್ದರು. ನಾವಿಬ್ಬರೂ ಪುಳಿಯೋಗರೆ ತಟ್ಟೆ ಹಿಡಿದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತೆವು. ನಾಲ್ಕು ಜನರ ನಡುವೆ ಅವಳದು ಬೆಂಗಳೂರಿನ ಮಾತು, ಕಷ್ಟ ಹೇಳುವಾಗ ಮಾತ್ರ ಧಾರವಾಡದ್ದು. ಅವತ್ತು ಧಾರವಾಡದ್ದೇ ಬಂತು.

“ಅಕ್ಕಾ, ಬ್ಯಾಸಿಗಿ ರಜಾಕ್ಕಿಂತ ಮೊದಲ ನಮ್ಮಲ್ಲಿ ಕಮಿಟಿ ಕೂಡತದ. ಸೀಲ್ ಸಿಕ್ಕಿದ್ರ ರೆಪಾಸಿಟರಿ ಉಳೀತದ. ಇಲ್ಲಂದ್ರ ಮುಚ್ಚಿಬಿಡತಾರ. ಮೂರೂ ಮಂದಿ ಮನೀಗೆ.”

“ನಿನಗೆ ಸಿಗದೆ ಇನ್ಯಾರಿಗೆ ಸಿಗುತ್ತೆ, ಸುಮ್ನಿರು” ಎಂದೆ.

ಅವಳು ತಟ್ಟೆ ಕೆಳಗಿಟ್ಟಳು. “ಒಂದು ಮಾತು ಹೇಳತೀನಿ, ಯಾರ ಮುಂದೂ ಆಡಬ್ಯಾಡ್ರಿ. ಚಳಿಗಾಲದಾಗ ಬ್ಯಾಕಪ್‌ನಿಂದ ಎಲ್ಲಾ ವಾಪಸ್ ತಂದು ನೋಡಿದ್ವಿ, ಪರೀಕ್ಷಾಕ್ಕಂತ. ಬಾಕಿ ಎಲ್ಲಾ ಬಂತು. ಆಡಿಯೋ ಫೋಲ್ಡರ್ ಬರಲೇ ಇಲ್ಲ. ತೆಗೆದು ನೋಡಿದ್ರ ಖಾಲಿ.”

“ಅಯ್ಯೋ. ಹೋಯ್ತಾ?”

“ಇಲ್ಲ ಇಲ್ಲ, ಅಸಲು ಕಾಪಿ ಅಲ್ಲೇ ಇದ್ದವು. ಏನೂ ಕಳದಿಲ್ಲ. ಆಡಿಯೋ ಬ್ಯಾರೆ ಕಡೆ ಇಟ್ಟಿದ್ವಿ, ಅದನ್ನ ಬ್ಯಾಕಪ್ ಲಿಸ್ಟಿಗೆ ಸೇರಿಸೋದು ನಾನೇ ಮರತಿದ್ದೆ. ಈಗ ಸರಿ ಮಾಡೀವಿ. ಆದ್ರ ಎರಡು ವಾರ ನನಗ ಊಟ ಸೇರಲಿಲ್ಲ ಅಕ್ಕಾ. ಆ ಅಜ್ಜಿಗೋಳ ದನಿ ಎಲ್ಲಾ ಹೋಗಿದ್ರ ನಾ ಯಾರಿಗೆ ಏನಂತ ಹೇಳಬೇಕಿತ್ತು?”

ನಾನು ಅವಳ ಬೆನ್ನು ಸವರಿದೆ. ಎಲ್ಲರಿಗೂ ಆಗುತ್ತೆ ಬಿಡೇ, ತಪ್ಪು ಮಾಡದವರು ಯಾರು ಎಂದೆ. ನಿಜ ಹೇಳುತ್ತೇನೆ, ಅವಳ ಕಣ್ಣಲ್ಲಿ ನೀರು ಕಂಡಾಗ ನನಗೆ ಮರುಕವೂ ಆಯಿತು, ಅದರ ಪಕ್ಕದಲ್ಲೇ ಒಂದು ತಂಪೂ ಆಯಿತು. ಇವಳೂ ಮರೆಯುತ್ತಾಳೆ. ಮನೆಗೆ ಬರುವಾಗ ಕಾರಿನಲ್ಲಿ ಹಾಡು ಗುನುಗಿದೆನಂತೆ, ಗಂಡ ಹೇಳಿದ್ದು.

ಇದಾಗಿ ಕೆಲವು ವಾರಕ್ಕೆ ಅರ್ಜಿ ನನ್ನ ಮೇಜಿಗೆ ಬಂತು, ನಾನು ‘ಇಲ್ಲ’ ಎಂಬ ಚೌಕ ಒತ್ತಿದೆ. ಯಾಕೆ ಒತ್ತಿದೆ? ಅವಳಿಗೆ ಸಹಾಯ ಮಾಡಲು ಎಂದು ಆಗ ಅಂದುಕೊಂಡೆ. ಯಾರೋ ಗುರುತಿಲ್ಲದವರ ಕೈಗೆ ಹೋಗುವುದಕ್ಕಿಂತ ನನ್ನ ಕೈಗೆ ಬಂದದ್ದು ಒಳ್ಳೆಯದಲ್ಲವೇ? ಹೀಗೆ ಸಮಾಧಾನ ಹೇಳಿಕೊಂಡು ಓದಲು ಕೂತೆ.

ಓದುತ್ತಾ ಓದುತ್ತಾ ಉರಿ ಏರಿತು. ಅರ್ಜಿ ಅಷ್ಟು ಚೆನ್ನಾಗಿತ್ತು. ಕೊಂಡಿ ಒತ್ತಿದರೆ ಕೊಂಡಿ ತೆರೆಯುತ್ತಿತ್ತು. ಭಂಡಾರ ಮುಚ್ಚಿಹೋದರೆ ಧ್ವನಿಗಳನ್ನು ಯಾರು ವಹಿಸಿಕೊಳ್ಳುತ್ತಾರೆ ಎಂಬುದಕ್ಕೆ ಸಹಿ ಹಾಕಿದ ಒಪ್ಪಂದ ಇತ್ತು. ಆ ಒಪ್ಪಂದಕ್ಕಾಗಿ ನಾನು ನನ್ನ ಕಾಲದಲ್ಲಿ ಬಾಗಿಲು ಬಾಗಿಲು ಅಲೆದು ಕೈ ಚೆಲ್ಲಿದ್ದೆ. ಸಂದರ್ಶನ ಕೊಟ್ಟವರಿಗೆ ಅರ್ಥವಾಗುವಂಥ ಸರಳ ಇಂಗ್ಲಿಷಿನಲ್ಲಿ ಅವರ ಹಕ್ಕುಗಳನ್ನು ಬರೆದ ಒಂದು ಪುಟ ಇತ್ತು. ಅಂಥದೊಂದು ಪುಟ ಬರೆಯಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಒಂದು ಕಡೆ ನಾನು ಕಲಿಸಿದ್ದ ವಾಕ್ಯವೇ ಇತ್ತು, ಆದರೆ ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಕೂತಿತ್ತು.

ಮೊಸರಿನಲ್ಲಿ ಕಲ್ಲು ಹುಡುಕುವುದು ಎನ್ನುತ್ತಾರಲ್ಲ, ಮೂರು ಮಧ್ಯಾಹ್ನ ನಾನು ಅದನ್ನೇ ಮಾಡಿದೆ. ಸಿಗಲಿಲ್ಲ. ಬ್ಯಾಕಪ್ ಕುರಿತ ಕಾಲಮ್ಮಿಗೆ ಬಂದೆ. ದಿನವೂ ಪ್ರತಿ ತೆಗೆಯುತ್ತೇವೆ, ಎರಡು ಬೇರೆ ಬೇರೆ ಕಡೆ ಇಡುತ್ತೇವೆ ಎಂದಿತ್ತು. ಸುಳ್ಳೇನೂ ಇರಲಿಲ್ಲ. ಚಳಿಗಾಲದಲ್ಲಿ ನಡೆದದ್ದನ್ನು ಬರೆದಿರಲಿಲ್ಲ, ಬರೆಯಬೇಕೆಂದು ಯಾರೂ ಕೇಳಿಯೂ ಇರಲಿಲ್ಲ. ಬೇರೆ ಯಾವ ಪರಿಶೀಲಕನಾದರೂ ಅದಕ್ಕೆ ಪೂರ್ತಿ ಅಂಕ ಕೊಟ್ಟು ಮುಂದೆ ಹೋಗುತ್ತಿದ್ದ. ಇನ್ನೊಬ್ಬ ಪರಿಶೀಲಕರು ಹಾಗೆಯೇ ಹೋಗಿದ್ದರು ಎಂದು ಆಮೇಲೆ ಗೊತ್ತಾಯಿತು.

ನಾನು ಹೋಗಲಿಲ್ಲ. ‘ಪೂರ್ಣ’ ಎನ್ನುವ ಕಡೆ ‘ಇನ್ನೂ ಆಗಬೇಕು’ ಎಂದು ಗುರುತು ಹಾಕಿದೆ. ಕೆಳಗೆ ಷರಾ ಬರೆದೆ: ‘ಆಡಿಯೋ ಫೋಲ್ಡರುಗಳನ್ನು ಬ್ಯಾಕಪ್‌ನಿಂದ ಮರಳಿ ತಂದು ನೋಡಿದ ಕಳೆದ ಪರೀಕ್ಷೆಯ ಫಲಿತಾಂಶವನ್ನು ದಯವಿಟ್ಟು ವಿವರಿಸಿ.’ ಬರೆದು ಎರಡು ಸಲ ಓದಿಕೊಂಡೆ. ಎಷ್ಟು ಸಭ್ಯವಾಗಿದೆ, ಎಷ್ಟು ವೃತ್ತಿಪರವಾಗಿದೆ ಎಂದು ನನಗೆ ನಾನೇ ಮೆಚ್ಚಿಕೊಂಡೆ. ಅರ್ಜಿ ತಿದ್ದುಪಡಿಗೆಂದು ಲೀಡ್ಸ್‌ಗೆ ವಾಪಸು ಹೋಯಿತು. ಕಮಿಟಿ ಕೂಡುವುದಕ್ಕೆ ಇನ್ನು ಐದು ವಾರ ಇತ್ತು, ಅದು ನನಗೆ ಗೊತ್ತಿತ್ತು.

ಅವತ್ತು ಸಂಜೆ ಒಲೆಯ ಮುಂದೆ ನಿಂತಿದ್ದಾಗ ಗಂಡ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದರು. “ಏನೇ ಇದು, ವಾರದ ಮಧ್ಯ ಒಬ್ಬಟ್ಟು? ಯಾವ ಹಬ್ಬ?”

“ಸುಮ್ನೆ. ಮಾಡ್ಬೇಕು ಅನ್ನಿಸ್ತು.”

“ಪ್ರಮೋಷನ್ ಏನಾದ್ರೂ ಕೊಟ್ರಾ?”

“ನಿಮ್ಮ ರೋಟಾ ನೋಡ್ಕೊಳ್ಳಿ ರೀ ನೀವು” ಎಂದು ಗದರಿಸಿದೆ. ಅವರು ಒಬ್ಬಟ್ಟಿನ ಜೊತೆ ನಡುಮನೆಗೆ ಹೋದರು.

ಎಂಟು ದಿನಕ್ಕೆ ಫೋನು ಬಂತು. “ಅಕ್ಕಾ, ಅರ್ಜಿ ವಾಪಸ್ ಬಂದದ. ಒಬ್ಬ ರಿವ್ಯೂವರ್ ಭಾಳ ಗಟ್ಟಿ ಇದ್ದಾರ. ಈ ಶನಿವಾರ ಮನ್ಯಾಗ ಇರ್ತೀರೇನು? ಉತ್ತರ ಬರೀಲಿಕ್ಕೆ ನಿಮ್ಮ ಕಡೆ ಬರತೀನಿ.” ಬರಬೇಡ ಎನ್ನಲು ನನಗೆ ಕಾರಣ ತೋಚಲಿಲ್ಲ. ಬಾ, ಊಟಕ್ಕೇ ಬಾ ಎಂದೆ.

ಅವಳು ಎಂ-ಒನ್ ಹೆದ್ದಾರಿ ಹಿಡಿದು ಒಬ್ಬಳೇ ಕಾರು ಓಡಿಸಿಕೊಂಡು ಬಂದಳು. ಬಾಗಿಲು ತೆಗೆದ ಮಗಳು “ಅಮ್ಮಾ, ಆಂಟಿ ಈಸ್ ಹಿಯರ್” ಎಂದು ಕೂಗಿ ಮಹಡಿ ಹತ್ತಿದಳು. ಗೆಳತಿಯ ಕೈಯಲ್ಲಿ ಲ್ಯಾಪ್‌ಟಾಪ್ ಚೀಲ, ಇನ್ನೊಂದರಲ್ಲಿ ನನಗೆಂದು ತಂದಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ. ಊಟ ಬೇಗ ಮುಗಿಸಿ ಅಡುಗೆಮನೆಯ ಮೇಜಿನ ಮುಂದೆಯೇ ಕೂತೆವು. ಹತ್ತು ವರ್ಷದ ಹಿಂದೆ ಅವಳ ಮೊದಲ ಅರ್ಜಿ ತಿದ್ದಿದ್ದೂ ಅಲ್ಲೇ ಎಂದು ಅವಳೇ ಹೇಳಿದಳು, ನಾನು ಹೂಂಗುಟ್ಟಿದೆ.

ಷರಾಗಳನ್ನು ಒಂದೊಂದಾಗಿ ಓದತೊಡಗಿದಳು. ನನ್ನ ವಾಕ್ಯಗಳು ಅವಳ ಬಾಯಲ್ಲಿ. ಕೆಲವು ಷರಾಗಳಿಗೆ ಉತ್ತರ ಹೇಗೆ ಬರೆದರೆ ಪರಿಶೀಲಕರಿಗೆ ಸಮಾಧಾನವಾಗುತ್ತದೆ ಎಂದು ನಾನೇ ಸಲಹೆ ಕೊಟ್ಟೆ. ಕೊಟ್ಟ ಸಲಹೆ ಚೆನ್ನಾಗಿಯೇ ಇತ್ತು, ಇಲ್ಲದೆ ಏನು. ಬೆವರು ಒರೆಸಿಕೊಳ್ಳಲು ಸೆರಗು ಇರಲಿಲ್ಲ, ಪಾತ್ರೆ ಒರೆಸುವ ಟೀ ಟವೆಲ್ ಹಿಡಿದುಕೊಂಡು ಕೂತಿದ್ದೆ.

ಆ ಷರಾ ಬಂತು. ಅವಳು ಓದಿ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು.

“ಆಡಿಯೋ ಫೋಲ್ಡರ್ ಬ್ಯಾರೆ ಇಟ್ಟೀವಿ ಅಂತ ಅರ್ಜಿಯೊಳಗ ನಾ ಎಲ್ಲೂ ಬರದಿಲ್ಲ ಅಕ್ಕಾ” ಎಂದಳು. “ಮತ್ತ ಹುಡುಕಿ ನೋಡಿದೆ. ಎಲ್ಲೂ ಇಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎದ್ದು ಹೋಗಿ ಕೆಟಲ್ ಹಾಕಿದೆ. ಅದರಲ್ಲಿ ಬಿಸಿನೀರು ಆಗಲೇ ಇತ್ತು. “ಧ್ವನಿಮುದ್ರಣ ಅಂದ್ಮೇಲೆ ಆಡಿಯೋ ಇರಲೇಬೇಕಲ್ಲ. ಊಹೆ ಮಾಡಿ ಕೇಳಿರ್ತಾರೆ” ಎಂದೆ, ಬೆನ್ನು ತಿರುಗಿಸಿಕೊಂಡೇ.

“ಇರಬಹುದು.”

“ಜಾಸ್ತಿ ಏನೂ ಬರೀಬೇಡ ಕಣೇ. ಪರೀಕ್ಷೆ ಮಾಡಿದೀವಿ, ಈಗ ಎಲ್ಲಾ ಸರಿಯಾಗಿದೆ ಅಂತ ಒಂದೇ ಸಾಲು ಬರಿ, ಸಾಕು. ಕೊಂಡಿ ಕೊಟ್ಬಿಡು.”

“ಇಲ್ಲ ಅಕ್ಕಾ” ಎಂದಳು. “ಪ್ರಶ್ನೆ ಸರಿ ಅದ. ಕೇಳಬೇಕಾದ ಪ್ರಶ್ನೆನ ಅದು. ನಾನ ಮೊದಲ ಬರೀಬೇಕಿತ್ತು, ಹೆದರಿ ಬಿಟ್ಟಿದ್ದೆ.”

ಬರೆಯಲು ಶುರುಮಾಡಿದಳು. ಪರೀಕ್ಷೆಯಲ್ಲಿ ಆಡಿಯೋ ಫೋಲ್ಡರ್ ಖಾಲಿ ಬಂದದ್ದು, ಅದನ್ನು ಪಟ್ಟಿಗೆ ಸೇರಿಸಲು ಮುಖ್ಯಸ್ಥೆಯೇ ಮರೆತದ್ದು, ಅಸಲು ಪ್ರತಿಗಳು ಉಳಿದದ್ದು, ಸರಿಪಡಿಸಿದ ಬಗೆ, ಇನ್ನು ಮುಂದೆ ಯಾರು ಎಷ್ಟು ಸಲ ಪರೀಕ್ಷಿಸುತ್ತಾರೆ ಎಂಬುದು. ತಪ್ಪು ಮಾಡಿದ್ದು ಮುಖ್ಯಸ್ಥೆ ಎಂದು ಬರೆಯುವಾಗ ‘ನಮ್ಮ ತಂಡ’ ಎಂದು ಹಾಕು ಎಂದೆ. ಬೇಡವೆಂದು ತಲೆಯಾಡಿಸಿದಳು, ಬದಲಾಯಿಸಲಿಲ್ಲ. ಎದುರು ಕೂತು ನೋಡುತ್ತಿದ್ದ ನನಗೆ ನಾಚಿಕೆಯಾಯಿತು, ಆ ನಾಚಿಕೆಯ ನಡುವೆಯೂ ಹೊಟ್ಟೆ ಉರಿಯುವುದು ನಿಲ್ಲಲಿಲ್ಲ. ನನ್ನ ಭಂಡಾರದ ಅರ್ಜಿಯಲ್ಲಿ ಇಂಥ ಒಂದು ವಾಕ್ಯ ಬರೆಯುವ ಧೈರ್ಯ ನನಗೆ ಇದ್ದಿರಲಿಲ್ಲ.

ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದಳು. ಚಹಾ ಆರಿತ್ತು. ನನ್ನ ಮುಖವನ್ನೇ ನೋಡುತ್ತಾ ಕೇಳಿದಳು: “ಇದನ್ನ ಓದಿದ್ರ ಆ ರಿವ್ಯೂವರ್ ಪಾಸ್ ಮಾಡತಾರೇನ್ರಿ ಅಕ್ಕಾ?”

“ಮಾಡ್ತಾರೆ.”

“ಖಾತ್ರಿ?”

“ಖಾತ್ರಿ.”

ಹೇಳಿದ ಮೇಲೆ ಗೊತ್ತಾಯಿತು. ಯಾರೋ ಎಲ್ಲೋ ಕೂತ, ಹೆಸರೂ ತಿಳಿಯದ ಪರಿಶೀಲಕರ ಪರವಾಗಿ ನಾನು ಖಾತ್ರಿ ಕೊಟ್ಟಿದ್ದೆ. ಅವಳು ಮೆಲ್ಲಗೆ ತಲೆಯಾಡಿಸಿ ಚೀಲ ಎತ್ತಿಕೊಂಡಳು. ಬಾಗಿಲವರೆಗೆ ಹಿಂದೆ ಹಿಂದೆಯೇ ಹೋದೆ. ಮೆಟ್ಟು ಹಾಕಿಕೊಳ್ಳುವಾಗ ಬಗ್ಗಿದ್ದವಳು ಬಗ್ಗಿದ ಹಾಗೆಯೇ ಹೇಳಿದಳು.

“ಆ ಮಾತು ನಿಮಗೊಬ್ಬರಿಗೇ ಹೇಳಿದ್ದೆ ಅಕ್ಕಾ. ನಮ್ಮ ಮನಿಯವರಿಗೂ ಹೇಳಿರಲಿಲ್ಲ.”

ನೆಟ್ಟಗಾದಳು. ಯಾವಾಗಲೂ ಹೊರಡುವಾಗ ನನ್ನ ಕಾಲು ಮುಟ್ಟುವವಳು ಅವತ್ತು ಮುಟ್ಟಲಿಲ್ಲ, ಹೋಗಿಬರುತ್ತೇನೆ ಎಂದು ಮಾತ್ರ ಹೇಳಿದಳು. ಕಾರು ತಿರುವು ದಾಟಿದ ಮೇಲೆ ನಾನು ಒಳಗೆ ಬಂದೆ.

ಮುಂದಿನ ವಾರ ಅವಳ ಉತ್ತರ ಮುದ್ರೆ ಕೊಡುವ ಕಚೇರಿಯ ಮೂಲಕ ನನ್ನ ಮೇಜಿಗೆ ಬಂತು. ಆ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಆದರೆ ಬುದ್ಧಿ ಬಂದು ಪ್ರಯೋಜನವಿರಲಿಲ್ಲ. ಈಗ ನಾನು ಕಚೇರಿಗೆ ಬರೆದು, ಇವಳು ನನ್ನ ಗೆಳತಿ, ಮೊದಲೇ ಹೇಳಬೇಕಿತ್ತು, ತಪ್ಪಾಯಿತು ಎಂದು ಒಪ್ಪಿಕೊಂಡರೆ ನನ್ನ ಮನಸ್ಸು ಹಗುರಾಗುತ್ತಿತ್ತು. ಆದರೆ ಅರ್ಜಿ ಹೊಸ ಪರಿಶೀಲಕರ ಕೈಗೆ ಹೋಗಿ ಮೊದಲಿನಿಂದ ಓದಿಸಿಕೊಳ್ಳಬೇಕಾಗುತ್ತಿತ್ತು. ಅಷ್ಟರಲ್ಲಿ ಕಮಿಟಿ ಕೂಡಿ, ಭಂಡಾರ ಮುಚ್ಚಿ, ಮೂರು ಜನ ಮನೆಗೆ ಹೋಗಿರುತ್ತಿದ್ದರು. ತಪ್ಪೊಪ್ಪಿಕೊಳ್ಳುವ ಸುಖಕ್ಕೂ ಅವಳೇ ದಂಡ ತೆರಬೇಕಾಗಿತ್ತು. ನಾನು ‘ಪೂರ್ಣ’ ಎಂದು ಗುರುತು ಹಾಕಿ, ‘ಉತ್ತರ ಪ್ರಾಮಾಣಿಕವಾಗಿದೆ, ಬೇರೆಯವರಿಗೂ ಮಾದರಿಯಾಗುವಂತಿದೆ’ ಎಂದು ಷರಾ ಬರೆದು ಕಳಿಸಿದೆ. ಆಮೇಲೆ ಪರಿಶೀಲಕರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಎಂದು ಬೇರೆ ಕಾರಣ ಕೊಟ್ಟು ಬರೆದೆ. ತೆಗೆದರು, ಇಷ್ಟು ದಿನದ ಸೇವೆಗೆ ಧನ್ಯವಾದ ಎಂದೂ ತಿಳಿಸಿದರು.

ಮುದ್ರೆ ಸಿಕ್ಕಿತು, ಭಂಡಾರ ಉಳಿಯಿತು. ನನ್ನ ಎರಡೂ ಷರಾಗಳು ಅವಳ ಉತ್ತರದ ಪಕ್ಕದಲ್ಲಿ ಇವತ್ತಿಗೂ ಎಲ್ಲರಿಗೂ ಕಾಣುವ ಹಾಗೆ ಪ್ರಕಟವಾಗಿವೆ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಪಾಠ ಹೇಳುವಾಗ ಅದನ್ನೇ ಉದಾಹರಣೆಯಾಗಿ ತೋರಿಸುತ್ತಾರಂತೆ. ಪರಿಶೀಲಕರು ಎಷ್ಟು ಸೂಕ್ಷ್ಮವಾಗಿ ಓದಿದ್ದಾರೆ ನೋಡಿ ಎನ್ನುತ್ತಾರಂತೆ.

ಜಗಳವೇನೂ ಆಗಲಿಲ್ಲ. ಆಗಿದ್ದರೆ ಅತ್ತು, ಕಾಲು ಹಿಡಿದು, ಹೇಗೋ ದಾರಿ ಮಾಡಿಕೊಳ್ಳುತ್ತಿದ್ದೆ. ಈಗಲೂ ಹಬ್ಬಗಳಿಗೆ ಅವರು ಬರುತ್ತಾರೆ, ಅದೇ ಬೆಂಚಿನಲ್ಲಿ ನಾವು ಕೂರುತ್ತೇವೆ. ಮಗನಿಗೆ ಪ್ರವೇಶ ಪರೀಕ್ಷೆ ಬರೆದು ಸೇರುವ ಒಳ್ಳೆಯ ಗ್ರಾಮರ್ ಸ್ಕೂಲಿನಲ್ಲಿ ಸೀಟು ಸಿಕ್ಕಿದ್ದನ್ನು ಹೇಳುತ್ತಾಳೆ. ಭಂಡಾರಕ್ಕೆ ಇನ್ನೂ ಇಬ್ಬರನ್ನು ತೆಗೆದುಕೊಂಡದ್ದನ್ನು, ಮನೆಗೆ ಹೊಸ ಅಡುಗೆಮನೆ ಮಾಡಿಸಿದ್ದನ್ನು, ಯಾವುದೋ ದೇಶದವರು ಭಾಷಣಕ್ಕೆ ಕರೆದದ್ದನ್ನು ಹೇಳುತ್ತಾಳೆ. ನಾನು ಒಂದೊಂದಕ್ಕೂ ಒಳಗೊಳಗೇ ಬೇಯುತ್ತಾ ಭಾಳ ಸಂತೋಷ ಎನ್ನುತ್ತೇನೆ. ಮೊನ್ನೆ ಅವಳ ಮುಖ ಸ್ವಲ್ಪ ಬಾಡಿತ್ತು. ಎಲ್ಲಾ ಆರಾಮಾ, ಏನಾದರೂ ತೊಂದರೆಯಾ ಎಂದು ಕೇಳಿದೆ.

“ಏನಿಲ್ಲ ಅಕ್ಕಾ, ಎಲ್ಲಾ ಚೆನ್ನಾಗಿದೆ” ಎಂದಳು. ಕಷ್ಟವೆನ್ನುವುದು ಅವಳ ಬಾಳಿನಲ್ಲಿ ಇದ್ದರೂ ಅದು ನನ್ನ ಕಿವಿಗೆ ಬಿದ್ದು ಎರಡು ವರ್ಷವಾಯಿತು. ನನಗೆ ಅವಳು ಈಗ ಒಳ್ಳೆಯ ಸುದ್ದಿ ಮಾತ್ರ ಹೇಳುತ್ತಾಳೆ.